ಡ್ಯುಯಲ್ ಕ್ಲಚ್ ಕಾರು ಜರ್ಕ್ ಹೊಡೆಯುತ್ತಿದೆಯಾ? ಮೊದಲು ಯಾವ ಗೇರಲ್ಲಿ ಅಂತ ಬರೆದಿಡಿ

ಎರಡು ವರ್ಷದ ಹಿಂದೆ ನಮ್ಮ ಮನೆಯ ಕಾರು ಜರ್ಕ್ ಹೊಡೆಯಲು ಶುರು ಮಾಡಿತು. ಏಳು ಗೇರಿನ ಡ್ರೈ ಡ್ಯುಯಲ್ ಕ್ಲಚ್ ಕಾರು, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್, ವಾರಂಟಿ ಮುಗಿದು ಎಂಟು ತಿಂಗಳಾಗಿತ್ತು. ಸಿಗ್ನಲ್ಲಿನಲ್ಲಿ ಬ್ರೇಕ್ ಬಿಟ್ಟರೆ ಧಡ್ ಅಂತ ಒಂದು ಹೊಡೆತ, ಗೇರ್ ಏರುವಾಗ ಇನ್ನೊಂದು, ಟ್ರಾಫಿಕ್ಕಿನಲ್ಲಿ ಕಾಲು ತೆಗೆದು ಹಾಕಿದಾಗೆಲ್ಲ ಮತ್ತೊಂದು. ತೋರಿಸಿದ ಕಡೆ ಹತ್ತು ನಿಮಿಷ ಓಡಿಸಿ ನೋಡಿ, ಗೇರ್‌ಬಾಕ್ಸನ್ನು ನಡೆಸುವ ಮೆಕಾಟ್ರಾನಿಕ್ ಘಟಕ ಹೋಗಿದೆ, ಪೂರ್ತಿ ಬದಲಾಯಿಸಬೇಕು ಅಂದರು. ಅಂದಾಜು ಬಿಲ್ಲು ಲಕ್ಷ ದಾಟಿತ್ತು. ನಾನು ಸ್ವಲ್ಪ ಟೈಮ್ ಕೊಡಿ ಅಂತ ಕಾರು ವಾಪಸ್ ತಂದೆ. ಮೂರು ವಾರ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಪ್ರತಿ ಜರ್ಕನ್ನೂ ಬರೆದಿಟ್ಟೆ. ಕೊನೆಗೆ ಸಿಕ್ಕಿದ್ದು ಹರಿದುಹೋದ ಇಂಜಿನ್ ಮೌಂಟಿಂಗ್, ಅಂದರೆ ಇಂಜಿನ್ನನ್ನು ಕಾರಿಗೆ ಹಿಡಿದಿಡುವ ರಬ್ಬರ್ ಭಾಗ. ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯಿತು.

ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳುತ್ತಿಲ್ಲ. ಕೆಲವರ ಕಾರಿನಲ್ಲಿ ನಿಜವಾಗಿಯೂ ಕ್ಲಚ್ ಸವೆದಿರುತ್ತೆ, ಕೆಲವರಲ್ಲಿ ಮೆಕಾಟ್ರಾನಿಕ್ಕೇ ಕೈ ಕೊಟ್ಟಿರುತ್ತೆ. ಆದರೆ ಇವೆಲ್ಲ ಬೇರೆ ಬೇರೆ ಥರ ಜರ್ಕ್ ಹೊಡೆಯುತ್ತವೆ. ಆ ವ್ಯತ್ಯಾಸವನ್ನು ದಿನಾ ಓಡಿಸುವ ನೀವು ಹಿಡಿಯುವಷ್ಟು ಚೆನ್ನಾಗಿ, ಹತ್ತು ನಿಮಿಷ ಓಡಿಸುವ ಮೆಕ್ಯಾನಿಕ್ ಹಿಡಿಯಲಾರ.

ಒಳಗೆ ಏನಿದೆ ಅನ್ನೋದು ಸ್ವಲ್ಪ ಗೊತ್ತಿರಬೇಕು. ಒಂದೇ ಡಬ್ಬದಲ್ಲಿ ಎರಡು ಗೇರ್‌ಬಾಕ್ಸ್ ಇಟ್ಟಂತೆ ಅಂದುಕೊಳ್ಳಿ. ಒಂದು ಕ್ಲಚ್ 1, 3, 5, 7 ಗೇರುಗಳನ್ನು ನೋಡಿಕೊಳ್ಳುತ್ತೆ, ಇನ್ನೊಂದು 2, 4, 6 ನೋಡಿಕೊಳ್ಳುತ್ತೆ. ನೀವು ಮೂರನೇ ಗೇರಿನಲ್ಲಿ ಹೋಗುತ್ತಿರುವಾಗಲೇ ಇನ್ನೊಂದು ಕಡೆ ನಾಲ್ಕನೆಯದು ಹಾಕಿಕೊಂಡು ಕಾಯುತ್ತಿರುತ್ತೆ. ಶಿಫ್ಟ್ ಅಂದರೆ ಇಷ್ಟೇ: ಒಂದು ಕ್ಲಚ್ ಬಿಡುತ್ತೆ, ಅದೇ ಹೊತ್ತಿಗೆ ಇನ್ನೊಂದು ಹಿಡಿಯುತ್ತೆ. ಇದನ್ನೆಲ್ಲ ಮಾಡಿಸುವುದು ಮೆಕಾಟ್ರಾನಿಕ್ ಅನ್ನೋ ಘಟಕ. ನಮ್ಮ ಕಾರಿನಂಥವುಗಳಲ್ಲಿ ಕಂಪ್ಯೂಟರ್, ವಾಲ್ವುಗಳು, ಒತ್ತಡ ಕೊಡುವ ಪಂಪು, ಎಲ್ಲ ಒಂದೇ ಕಡೆ. ಇದು ನಿಮ್ಮ ಕಾಲು ನೋಡಿ ಮುಂದಿನ ಗೇರ್ ಯಾವುದು ಅಂತ ಊಹಿಸುತ್ತೆ. ಸ್ಪೀಡ್ ಏರುತ್ತಿದ್ದರೆ ಮೇಲಿನದು, ಬ್ರೇಕ್ ಒತ್ತಿದರೆ ಕೆಳಗಿನದು. ಊಹೆ ತಪ್ಪಿದಾಗ ಒಂದು ಕ್ಷಣ ತಡವರಿಸುತ್ತೆ. ಮುಂದಿನ ಬೈಕು ನಿಂತಿತು ಅಂತ ಕಾಲು ತೆಗೆದು ತಕ್ಷಣ ಮತ್ತೆ ಒತ್ತಿದಾಗ ಬರುವ ಸಣ್ಣ ಜರ್ಕು ಇದೇ. ಅದು ರಿಪೇರಿಗೆ ಸಿಗುವಂಥದ್ದಲ್ಲ.

ಇನ್ನು ನಿಮ್ಮದು ಡ್ರೈ ಕ್ಲಚ್ಚಾ, ವೆಟ್ ಕ್ಲಚ್ಚಾ ಅಂತ ತಿಳಿದುಕೊಳ್ಳಿ. ಮುಂದಿನ ಎಲ್ಲ ಪರೀಕ್ಷೆಯೂ ಇದರ ಮೇಲೆ ನಿಂತಿದೆ. ಡ್ರೈ ಅಂದರೆ ಮ್ಯಾನ್ಯುಯಲ್ ಕಾರಿನ ಥರ ಗಾಳಿಯಲ್ಲಿ ತಣ್ಣಗಾಗುವ ಕ್ಲಚ್ ಪ್ಲೇಟು. ವೆಟ್ ಅಂದರೆ ಆಯಿಲ್‌ನಲ್ಲಿ ಮುಳುಗಿರುವ ಪ್ಲೇಟುಗಳು. ಡಿಎಸ್‌ಜಿ, ಡಿಸಿಟಿ, ಪವರ್‌ಶಿಫ್ಟ್, ಡಿಸಿಎ ಅಂತ ಮುಂದೆ ಬರುವುದೆಲ್ಲ ಬೇರೆ ಬೇರೆ ಕಂಪನಿಗಳು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೆ ಇಟ್ಟ ಹೆಸರುಗಳೇ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್ಐ, ಈಗಿನ ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್ ಕಾರುಗಳ 1.5 ಲೀಟರ್ ಆಟೋಮ್ಯಾಟಿಕ್, ಇವೆಲ್ಲದರಲ್ಲೂ ಇರುವುದು ಡಿಕ್ಯೂ200 ಅನ್ನೋ ಏಳು ಗೇರಿನ ಡ್ರೈ ಡಿಎಸ್‌ಜಿ. ಹ್ಯುಂಡೈ ವೆನ್ಯೂ, ಕಿಯಾ ಸೆಲ್ಟೋಸ್ ಪೆಟ್ರೋಲ್ ಟರ್ಬೊದ ಏಳು ಗೇರಿನ ಡಿಸಿಟಿ ಕೂಡ ಡ್ರೈ. ಹಳೆಯ ಫೋರ್ಡ್ ಇಕೋಸ್ಪೋರ್ಟ್ ಪೆಟ್ರೋಲ್‌ನ ಆರು ಗೇರಿನ ಪವರ್‌ಶಿಫ್ಟ್ ಸಹ ಡ್ರೈ. ಲಾರಾ, ಜೆಟ್ಟಾ ಡೀಸೆಲ್‌ಗಳ ಆರು ಗೇರಿನ ಡಿಎಸ್‌ಜಿ ಮತ್ತು ಟಾಟಾದ ಆಲ್ಟ್ರೋಜ್, ನೆಕ್ಸಾನ್ ಡಿಸಿಎ ವೆಟ್. ಅದೇ ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್‌ಗಳ 1.0 ಲೀಟರ್ ಟಿಎಸ್ಐ ಆಟೋಮ್ಯಾಟಿಕ್‌ನಲ್ಲಿ ಮಾತ್ರ ಡ್ಯುಯಲ್ ಕ್ಲಚ್ಚೇ ಇಲ್ಲ, ಅದು ದ್ರವದ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್. ಆ ಕಾರಿನವರಿಗೆ ಈ ಲೇಖನದ ಅರ್ಧ ಉಪಯೋಗಕ್ಕೆ ಬರಲ್ಲ.

ಈಗ ನೋಟ್‌ಬುಕ್ಕಿನ ವಿಷಯ. ಪ್ರತಿ ಜರ್ಕಿಗೂ ಐದು ಸಂಗತಿ ಬರೆಯಿರಿ. ಯಾವ ಗೇರಿನಿಂದ ಯಾವ ಗೇರಿಗೆ, ಏರುವಾಗಲಾ ಇಳಿಯುವಾಗಲಾ, ಇಂಜಿನ್ ತಣ್ಣಗಿತ್ತಾ ಬಿಸಿಯಿತ್ತಾ, ಕಾಲು ಆಕ್ಸಲರೇಟರ್ ಮೇಲಿತ್ತಾ ಇಲ್ಲವಾ, ಎಸಿ ಹಾಕಿತ್ತಾ. ಓಡಿಸುತ್ತಾ ಬರೆಯಬೇಡಿ, ಪಕ್ಕದಲ್ಲಿ ಕೂತವರಿಗೆ ಹೇಳಿ ಬರೆಸಿ. ಒಬ್ಬರೇ ಇದ್ದರೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಟ್ಟು ಬಾಯಲ್ಲಿ ಹೇಳುತ್ತಾ ಹೋಗಿ. ಒಂದು ವಾರ ಸಾಕು. ಗೇರ್ ನಂಬರ್ ಮೀಟರಿನಲ್ಲಿ ಕಾಣದಿದ್ದರೆ ಮ್ಯಾನ್ಯುಯಲ್ ಮೋಡಿಗೆ ಹಾಕಿ, ಆಗ ಕಾಣುತ್ತೆ.

ವಾರದ ಕೊನೆಗೆ ಪುಟ ನೋಡಿ. ಬೆಸ ಗೇರುಗಳಲ್ಲೇ ಜಾಸ್ತಿ ತೊಂದರೆ ಇದೆಯಾ, ಅಥವಾ ಸಮ ಗೇರುಗಳಲ್ಲೇ ಇದೆಯಾ? ಒಂದೇ ಗುಂಪಿನಲ್ಲಿ ಬರುತ್ತಿದ್ದರೆ ಆ ಕ್ಲಚ್ ಅಥವಾ ಆ ಕ್ಲಚ್ಚನ್ನು ನಡೆಸುವ ಭಾಗದ ಮೇಲೆ ಅನುಮಾನ ಪಡಬಹುದು. ರಿವರ್ಸ್ ಕೂಡ ಇಲ್ಲಿ ಒಳ್ಳೆ ಸಾಕ್ಷಿ. ಡಿಕ್ಯೂ200ರಲ್ಲಿ ರಿವರ್ಸ್ ಇರುವುದು ಸಮ ಗೇರುಗಳ ಕ್ಲಚ್ಚಿನ ಮೇಲೆ, ಅಂದರೆ ಕೆ2. ಹಳೆಯ ಆರು ಗೇರಿನ ವೆಟ್ ಡಿಎಸ್‌ಜಿಯಲ್ಲಿ ಅದು ಬೆಸ ಗೇರುಗಳ ಕೆ1 ಮೇಲೆ. ಹಾಗಾಗಿ ಪೋಲೊ ಜಿಟಿಯಲ್ಲಿ ಎರಡನೇ ಗೇರಿನಲ್ಲಿ ನಡುಕ ಇದೆ, ರ‍್ಯಾಂಪ್ ಮೇಲೆ ರಿವರ್ಸ್ ತೆಗೆಯುವಾಗಲೂ ಅದೇ ನಡುಕ ಇದೆ ಅಂದರೆ ಎರಡೂ ಕೆ2 ಕಡೆಗೇ ಬೆರಳು ತೋರಿಸುತ್ತವೆ. ಜರ್ಕು ಒಂದೇ ಒಂದು ಗೇರಿನಲ್ಲಿ ಮಾತ್ರ, ಉದಾಹರಣೆಗೆ ಬರೀ ನಾಲ್ಕಕ್ಕೆ ಹೋಗುವಾಗ, ಎರಡು ಆರು ಎರಡೂ ಬೆಣ್ಣೆಯಂತಿವೆ ಅಂದರೆ ಕ್ಲಚ್ ಅಲ್ಲ. ಆ ಗೇರಿನ ಸಿಂಕ್ರೊ (ಗೇರ್ ಸೇರುವ ಮುಂಚೆ ವೇಗ ಹೊಂದಿಸುವ ಉಂಗುರ), ಗೇರ್ ತಳ್ಳುವ ಫೋರ್ಕ್, ಇಲ್ಲವೇ ಅದರ ಸೆನ್ಸರ್ ನೋಡಬೇಕಾಗುತ್ತೆ. ಎಲ್ಲ ಗೇರಿನಲ್ಲೂ ಸಮವಾಗಿ ಹೊಡೆಯುತ್ತಿದ್ದರೆ? ಆಗ ಎರಡೂ ಕ್ಲಚ್ ಒಟ್ಟಿಗೆ ಕೆಟ್ಟಿವೆ ಅಂತ ನಂಬುವುದಕ್ಕಿಂತ ಮೊದಲು ಗೇರ್‌ಬಾಕ್ಸಿನ ಹೊರಗೆ ಹುಡುಕಿ. ನಮ್ಮ ಕಾರಿನ ಪುಟದಲ್ಲಿ ಇದ್ದದ್ದು ಇದೇ. ಬೆಸ ಸಮ ಅಂತ ಏನೂ ಭೇದ ಇರಲಿಲ್ಲ.

ಜರ್ಕ್ ಅನ್ನೋ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಸಂಗತಿ ಹೇಳಿಬಿಡುತ್ತೇವೆ. ನಡುಕ ಒಂದು, ಜಾರುವುದು ಒಂದು, ಹೊಡೆತ ಒಂದು. ಗ್ಯಾರೇಜಿನಲ್ಲಿ ಇದನ್ನು ಬೇರೆ ಮಾಡಿ ಹೇಳಿದರೆ ಅರ್ಧ ಕೆಲಸ ಆದಂತೆ.

ನಡುಕ ಬರುವುದು ಕಾರು ಎಳೆದುಕೊಳ್ಳುವಾಗ. ಸಮತಟ್ಟಾದ ಖಾಲಿ ಜಾಗದಲ್ಲಿ ಬ್ರೇಕ್ ನಿಧಾನಕ್ಕೆ ಬಿಡಿ, ಆಕ್ಸಲರೇಟರ್ ಮುಟ್ಟಬೇಡಿ. ಕಾರು ತಾನೇ ತೆವಳುತ್ತೆ. ಆಗ ಗಡಗಡ ಅಂತ ಸೀಟಿನವರೆಗೂ ಅದುರಿದರೆ ಕೆ1 ಸರಿಯಾಗಿ ಹಿಡಿಯುತ್ತಿಲ್ಲ. ಇನ್ನು ಗಂಟೆಗೆ 10-12 ಕಿಲೋಮೀಟರ್ ವೇಗದಲ್ಲಿ ಎರಡನೇ ಗೇರಿನಲ್ಲಿ ನಿಧಾನಕ್ಕೆ ಆಕ್ಸಲರೇಟರ್ ಕೊಡಿ. ಆಗ ಅದುರಿದರೆ ಕೆ2. ಇದನ್ನು ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ, ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿದ ಮೇಲೆ ಒಮ್ಮೆ ಮಾಡಿ. ಬಿಸಿಯಾದಾಗ ಮಾತ್ರ ನಡುಕ ಜಾಸ್ತಿ ಆಗುವುದು ಡ್ರೈ ಕ್ಲಚ್ಚಿನ ಸಾಮಾನ್ಯ ಲಕ್ಷಣ. ಪ್ಲೇಟಿನ ಮೇಲ್ಮೈ ಸುಟ್ಟು ಗಾಜಿನ ಥರ ನುಣುಪಾಗಿರಬಹುದು. ಇನ್ನೊಂದು ಕಾರಣವೂ ಇದೆ, ಆಯಿಲ್ ಸೋರಿಕೆ. ಪವರ್‌ಶಿಫ್ಟ್‌ನ ವಿಷಯದಲ್ಲಿ ಅಮೆರಿಕದಲ್ಲಿ ಫೋಕಸ್, ಫಿಯೆಸ್ಟಾ ಕಾರಿನವರು ಕೋರ್ಟ್ ಮೆಟ್ಟಿಲು ಹತ್ತಿದ್ದು ಈ ನಡುಕಕ್ಕೇ. ಅಲ್ಲಿ ಇನ್‌ಪುಟ್ ಶಾಫ್ಟಿನ ಸೀಲ್ ಸೋರಿ ಡ್ರೈ ಕ್ಲಚ್ಚಿನ ಮೇಲೆ ಆಯಿಲ್ ಬೀಳುವುದು ಒಂದು ಮುಖ್ಯ ಕಾರಣವಾಗಿತ್ತು. ಅಂಥ ಕಾರಿಗೆ ಕ್ಲಚ್ ಮಾತ್ರ ಹೊಸದು ಹಾಕಿ ಸೀಲ್ ಹಳೆಯದನ್ನೇ ಬಿಟ್ಟರೆ ನಡುಕ ವಾಪಸ್ ಬರುತ್ತೆ.

ಜಾರುವುದನ್ನು ಹಿಡಿಯಲು ಹೈವೇ ಬೇಕು. ಬೆಳಗಿನ ಹೊತ್ತು ಖಾಲಿ ಇರುವ ರಸ್ತೆ ಆರಿಸಿಕೊಳ್ಳಿ. ಮ್ಯಾನ್ಯುಯಲ್ ಮೋಡಿನಲ್ಲಿ ಐದನೇ ಗೇರಿನಲ್ಲಿ ಗಂಟೆಗೆ 60ರ ಹತ್ತಿರ ಹೋಗುತ್ತಾ ಆಕ್ಸಲರೇಟರನ್ನು ಮುಕ್ಕಾಲು ಭಾಗ ಒತ್ತಿ. ತಳದವರೆಗೆ ಒತ್ತಿದರೆ ತಾನೇ ಗೇರ್ ಇಳಿಸಿಬಿಡುತ್ತೆ, ಪರೀಕ್ಷೆ ಕೆಡುತ್ತೆ. ಆರ್‌ಪಿಎಂ ಮುಳ್ಳು ಮತ್ತು ಸ್ಪೀಡ್ ಮುಳ್ಳು ಜೊತೆಜೊತೆಗೇ ಏರಬೇಕು. ಆರ್‌ಪಿಎಂ ಮಾತ್ರ ಛಕ್ಕನೆ ಮೇಲೆ ಹೋಗಿ ಕಾರು ಹಿಂದೆ ಉಳಿದರೆ ಬೆಸ ಕ್ಲಚ್ ಜಾರುತ್ತಿದೆ. ಆರನೇ ಗೇರಿನಲ್ಲಿ 70-80ರ ಹತ್ತಿರ ಇದನ್ನೇ ಮಾಡಿದರೆ ಸಮ ಕ್ಲಚ್ಚಿನ ಪರೀಕ್ಷೆ. ಜಾರುವುದು ಖಚಿತವಾದರೆ ಮುಂದೂಡಬೇಡಿ. ಆ ಪ್ಲೇಟು ಮುಗಿದಿದೆ, ಜೊತೆಗೆ ಬಿಸಿಗೆ ಬೇರೆ ಭಾಗವನ್ನೂ ಹಾಳು ಮಾಡುತ್ತೆ. ಒಂದು ಮಾತು: ಬ್ರೇಕ್ ಒತ್ತಿಕೊಂಡೇ ಆಕ್ಸಲರೇಟರ್ ಒತ್ತಿ ನೋಡುವ ಪರೀಕ್ಷೆಯನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಡ್ರೈ ಕ್ಲಚ್ಚಿಗೆ ಮಾಡಬೇಡಿ. ಕೆಲವೇ ಸೆಕೆಂಡಿನಲ್ಲಿ ಸುಟ್ಟ ವಾಸನೆ ಬರುತ್ತೆ.

ಹೊಡೆತ ಅಂದರೆ ಲೋಹದ ಸದ್ದಿನ ಜೊತೆ ಒಮ್ಮೆಲೇ ಬರುವ ಧಡ್. ಇದಕ್ಕೆ ಹೆಚ್ಚು ಸಲ ಕಾರಣ ಗೇರ್‌ಬಾಕ್ಸ್ ಅಲ್ಲವೇ ಅಲ್ಲ. ಬಾನೆಟ್ ತೆಗೆದು, ಒಬ್ಬರು ಒಳಗೆ ಕೂತು ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಹ್ಯಾಂಡ್‌ಬ್ರೇಕೂ ಹಾಕಿ, ಪಿ ಇಂದ ಡಿ, ಡಿ ಇಂದ ಆರ್ ಅಂತ ನಿಧಾನಕ್ಕೆ ಬದಲಾಯಿಸಲಿ. ಇನ್ನೊಬ್ಬರು ಪಕ್ಕಕ್ಕೆ ನಿಂತು ಇಂಜಿನ್ ನೋಡಿ, ಕಾರಿನ ಮುಂದೆ ಮಾತ್ರ ನಿಲ್ಲಬೇಡಿ. ಇಂಜಿನ್ ಸ್ವಲ್ಪ ಅಲುಗಾಡುವುದು ಸಹಜ. ಎದ್ದು ಕೂತಂತೆ ಆದರೆ ಮೌಂಟಿಂಗ್ ರಬ್ಬರ್ ಹೋಗಿದೆ. ಕೆಳಗಡೆ ಇಂಜಿನ್ ಹಿಂದೆ ಮುಂದೆ ತಿರುಗದಂತೆ ಹಿಡಿಯುವ ಒಂದು ಮೌಂಟಿಂಗ್ ಇರುತ್ತೆ, ನಾಯಿ ಕಚ್ಚುವ ಮೂಳೆಯ ಆಕಾರದ್ದು. ಮೊದಲು ಹರಿಯುವುದು ಹೆಚ್ಚಾಗಿ ಅದೇ, ಮೇಲಿಂದ ಕಾಣಲ್ಲ. ಲಿಫ್ಟ್ ಮೇಲೆ ಹಾಕಿಸಿ ಸನ್ನೆಕೋಲಿನಿಂದ ಅಲ್ಲಾಡಿಸಿ ನೋಡಲು ಹೇಳಿ. ನಮ್ಮ ರಸ್ತೆಯ ಹಂಪು, ಗುಂಡಿಗಳ ಮೇಲೆ ವರ್ಷಗಟ್ಟಲೆ ಓಡಿದ ಕಾರಿಗೆ ಇದು ಆಶ್ಚರ್ಯದ ಮಾತಲ್ಲ, ಅಲ್ವಾ?

ಆಮೇಲೆ ಬ್ಯಾಟರಿ. ಇದನ್ನು ಜನ ನಂಬುವುದೇ ಇಲ್ಲ. ಮೆಕಾಟ್ರಾನಿಕ್ಕಿನ ಪಂಪು ಡಿಕ್ಯೂ200ರಲ್ಲಿ ಕರೆಂಟಿನಿಂದ ಓಡುತ್ತೆ, ವಾಲ್ವುಗಳೂ ಕರೆಂಟಿನವೇ. ವೋಲ್ಟೇಜ್ ಬಿದ್ದರೆ ಎಲ್ಲ ತಡವರಿಸುತ್ತವೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ಆಸುಪಾಸು ಬರಬೇಕು. 12.2 ಅಂದರೆ ಅರ್ಧ ಖಾಲಿ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ನಾಲ್ಕೈದು ವರ್ಷದ ಬ್ಯಾಟರಿಯಾಗಿದ್ದು ಬೆಳಿಗ್ಗೆ ಸ್ಟಾರ್ಟ್ ಆಗಲು ಏದುಸಿರು ಬಿಡುತ್ತಿದ್ದರೆ ಗೇರ್‌ಬಾಕ್ಸಿನ ಮಾತು ಆಮೇಲೆ, ಮೊದಲು ಅದನ್ನು ಬದಲಾಯಿಸಿ. ಅರ್ತ್ ವೈರ್ ಬೋಲ್ಟುಗಳೂ ಗಟ್ಟಿ ಇವೆಯಾ ನೋಡಿಸಿ.

ಇಂಜಿನ್ ಮಿಸ್ ಹೊಡೆಯುತ್ತಿದ್ದರೂ ಗೇರ್ ಜರ್ಕ್ ಅಂತಲೇ ಅನಿಸುತ್ತೆ. ಹಳೆ ಸ್ಪಾರ್ಕ್ ಪ್ಲಗ್, ಸೋತ ಇಗ್ನಿಷನ್ ಕಾಯಿಲ್, ಮಸಿ ಹಿಡಿದ ಥ್ರಾಟಲ್. ಗುರುತಿಸುವುದು ಸುಲಭ. ಮ್ಯಾನ್ಯುಯಲ್ ಮೋಡಿನಲ್ಲಿ ಒಂದೇ ಗೇರಿನಲ್ಲಿ ಇಟ್ಟು ಹದವಾಗಿ ಆಕ್ಸಲರೇಟರ್ ಕೊಡಿ. ಗೇರ್ ಬದಲಾಗದೆಯೂ ಎಳೆದು ಎಳೆದು ಹೋಗುತ್ತಿದ್ದರೆ ಅದು ಇಂಜಿನ್ನಿನ ಕಾಯಿಲೆ. ನ್ಯೂಟ್ರಲ್ಲಿನಲ್ಲಿ ಐಡ್ಲಿಂಗ್ ಏರಿಳಿಯುತ್ತಿದ್ದರೂ ಹಾಗೇ. ಎಸಿ ಆಫ್ ಮಾಡಿದಾಗ ಜರ್ಕ್ ಮಾಯವಾದರೆ ಇಲ್ಲಿಂದಲೇ ಶುರು ಮಾಡಿ.

ಕೆಲವು ಸದ್ದುಗಳಿಗೆ ಹೆದರಬೇಡಿ. ನಿಲ್ಲಿಸಲು ಬರುವಾಗ ಎರಡರಿಂದ ಒಂದಕ್ಕೆ ಇಳಿಯುವಾಗ ಸಣ್ಣ ಟಕ್, ಡ್ರೈ ಡಿಎಸ್‌ಜಿಯಲ್ಲಿ ಹಂಪು ದಾಟುವಾಗ ಬರುವ ಕಟಕಟ, ಡ್ರೈವರ್ ಬಾಗಿಲು ತೆಗೆದ ಕೂಡಲೇ ಬಾನೆಟ್ ಕಡೆಯಿಂದ ಎರಡು ಮೂರು ಸೆಕೆಂಡ್ ಬರುವ ಝುಂ ಅನ್ನೋ ಸದ್ದು, ಇವೆಲ್ಲ ಇರುವಂಥವೇ. ಆ ಝುಂ ಸದ್ದು ಪಂಪಿನದು. ಡಿಕ್ಯೂ200ರಲ್ಲಿ ಒತ್ತಡ 40 ಬಾರ್‌ಗೆ ಇಳಿದಾಗ ಪಂಪು ಓಡಿ 60 ಬಾರ್‌ಗೆ ಏರಿಸಿ ನಿಲ್ಲುತ್ತೆ, ಆ ಒತ್ತಡವನ್ನು ಅಕ್ಯುಮ್ಯುಲೇಟರ್ ಅನ್ನೋ ಪುಟ್ಟ ಡಬ್ಬಿ ಹಿಡಿದಿಡುತ್ತೆ. ಇದನ್ನೇ ಪರೀಕ್ಷೆಗೆ ಬಳಸಬಹುದು. ಸದ್ದಿಲ್ಲದ ಬೇಸ್‌ಮೆಂಟಿನಲ್ಲಿ ಇಂಜಿನ್ ಹಾಕದೆ ಇಗ್ನಿಷನ್ ಮಾತ್ರ ಆನ್ ಮಾಡಿ ಕಿವಿಗೊಟ್ಟು ಕೂತಿರಿ. ಒಮ್ಮೆ ಓಡಿ ಸುಮ್ಮನಾದರೆ ಒಳ್ಳೆಯದು. ಏನೂ ಮಾಡದೆಯೂ ಕೆಲವೇ ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಓಡುತ್ತಿದ್ದರೆ ಒತ್ತಡ ನಿಲ್ಲುತ್ತಿಲ್ಲ, ಅಂದರೆ ಅಕ್ಯುಮ್ಯುಲೇಟರ್ ಅಥವಾ ಎಲ್ಲೋ ಸೋರಿಕೆ. ನಾನು ಸಿಕ್ಕವರಿಗೆಲ್ಲ ಮೊದಲು ಹೇಳುವುದು ಈ ಪರೀಕ್ಷೆಯನ್ನೇ, ಯಾಕಂದರೆ ಇದಕ್ಕೆ ಒಂದು ರೂಪಾಯಿಯೂ ಬೇಡ.

ಐಡ್ಲಿಂಗ್‌ನಲ್ಲಿ ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು, ಇಂಜಿನ್ ಆಫ್ ಮಾಡುವಾಗ ಕೊನೆಗೆ ಗಡ್ ಅಂತ ಅಲುಗುವುದು, ಇವು ಡ್ಯುಯಲ್ ಮಾಸ್ ಫ್ಲೈವೀಲ್, ಅಂದರೆ ಇಂಜಿನ್ನಿನ ಅದುರನ್ನು ತಗ್ಗಿಸುವ ಭಾರದ ಚಕ್ರ, ಸವೆದ ಗುರುತು. ಕ್ಲಚ್ ಬಿಚ್ಚಿಸುವುದಿದ್ದರೆ ಅದನ್ನೂ ಆಗಲೇ ನೋಡಿಸಿ, ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಉಳಿಯುತ್ತೆ.

ಆಯಿಲ್ ಬಗ್ಗೆ ತುಂಬಾ ಗೊಂದಲ ಇದೆ. ವೆಟ್ ಕ್ಲಚ್ಚಿನಲ್ಲಿ ಆಯಿಲ್ ಅಂದರೆ ಪ್ರಾಣ. ಆರು ಗೇರಿನ ವೆಟ್ ಡಿಎಸ್‌ಜಿಗೆ 60,000 ಕಿಲೋಮೀಟರಿಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಾಗಬೇಕು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಲಾರಾ ಜರ್ಕ್ ಹೊಡೆದರೆ ಬೇರೆ ಯಾವುದಕ್ಕೂ ಕೈ ಹಾಕುವ ಮುಂಚೆ ಇದನ್ನು ಮಾಡಿಸಿ. ಲೆವೆಲ್ ನೋಡುವುದು ಇಂಜಿನ್ ಓಡುತ್ತಿರುವಾಗ, ಆಯಿಲ್ ಬಿಸಿ 35ರಿಂದ 45 ಡಿಗ್ರಿ ಸೆಲ್ಸಿಯಸ್ ಇರುವಾಗ ಮಾತ್ರ. ತಣ್ಣಗಿದ್ದಾಗ ಅಂದಾಜಿನಲ್ಲಿ ಸುರಿದು ಕಳಿಸಿದರೆ ಆಯಿಲ್ ಹೊಸದಾದರೂ ಜರ್ಕ್ ಹೋಗಲ್ಲ. ಆದರೆ ಡಿಕ್ಯೂ200ರ ಕತೆ ಬೇರೆ. ಅಲ್ಲಿ ಗೇರುಗಳಿಗೆ ಒಂದು ಆಯಿಲ್, ಮೆಕಾಟ್ರಾನಿಕ್ಕಿಗೆ ಬೇರೆಯದೇ ಆಯಿಲ್, ಕ್ಲಚ್ಚಿಗೆ ಆಯಿಲ್ಲೇ ಇಲ್ಲ. ಗೇರ್ ಆಯಿಲ್ ಬದಲಾಯಿಸಿದರೆ ಕ್ಲಚ್ ನಡುಕ ನಿಲ್ಲುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

2013ರಲ್ಲಿ ಫೋಕ್ಸ್‌ವ್ಯಾಗನ್ ಇದೇ ಡಿಕ್ಯೂ200 ಇರುವ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿ ಸಿಂಥೆಟಿಕ್ ಗೇರ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿತು ಅಂತ ಕೆಲವರು ನೆನಪಿಸುತ್ತಾರೆ. ಅದು ನಿಜ. ಆದರೆ ಆ ತೊಂದರೆ ಜರ್ಕಿನದಲ್ಲ, ಬಿಸಿ ವಾತಾವರಣದಲ್ಲಿ ಕರೆಂಟ್ ಶಾರ್ಟ್ ಆಗಿ ಎಳೆತವೇ ನಿಂತುಹೋಗುವುದು. ಎರಡನ್ನೂ ಬೆರೆಸಬಾರದು.

ಸ್ಕ್ಯಾನರ್ ಹಾಕಿಸುವಾಗ ಇಂಜಿನ್ನಿನದು ಮಾತ್ರವಲ್ಲ, ಗೇರ್‌ಬಾಕ್ಸ್ ಕಂಪ್ಯೂಟರನ್ನೂ ಓದಿಸಿ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಎಷ್ಟೋ ಸಲ ಇಂಜಿನ್ ಕೋಡ್ ಮಾತ್ರ ಓದಿ ಏನೂ ಇಲ್ಲ ಅಂದುಬಿಡುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾಗೆ ವಿಸಿಡಿಎಸ್ ಅಥವಾ ಒಬಿಡಿಇಲೆವೆನ್ ಅನ್ನೋ ಸ್ಕ್ಯಾನರ್ ಇರುವ ಕಡೆ ಹೋಗಿ. ಪಿ189ಸಿ ಬಂದರೆ ಒತ್ತಡ ಸಾಲುತ್ತಿಲ್ಲ, ಪಿ17ಬಿಎಫ್ ಬಂದರೆ ಪಂಪಿನ ರಕ್ಷಣೆ ಜಾರಿಯಾಗಿದೆ. ಎರಡೂ ಮೇಲೆ ಹೇಳಿದ ಬೇಸ್‌ಮೆಂಟ್ ಪರೀಕ್ಷೆಯ ಜೊತೆ ಹೊಂದಿಸಿ ನೋಡಬೇಕು. ಪಿ0562 ಬಂದರೆ ವೋಲ್ಟೇಜ್ ಕಡಿಮೆ, ಬ್ಯಾಟರಿಗೆ ವಾಪಸ್. ಪಿ0300ರಿಂದ ಪಿ0304 ಇದ್ದರೆ ಇಂಜಿನ್ ಮಿಸ್. ಕೋಡ್ ಅಳಿಸುವ ಮುಂಚೆ ಫೋಟೊ ತೆಗೆದುಕೊಳ್ಳಿ, ಇದನ್ನು ಮರೆಯಬೇಡಿ. ಅಳಿಸಿದ ಮೇಲೆ ಆಧಾರವೇ ಇರಲ್ಲ. ಕೋಡ್ ಒಂದೂ ಇಲ್ಲ, ಆದರೂ ನಡುಕ ಇದೆ ಅಂದರೆ ಗಾಬರಿ ಬೇಡ. ಸವೆದ ಪ್ಲೇಟಿಗೂ ಹರಿದ ರಬ್ಬರಿಗೂ ಎಷ್ಟೋ ಸಲ ಕೋಡ್ ಬರುವುದೇ ಇಲ್ಲ.

ಅಡಾಪ್ಟೇಷನ್ ಅಂತ ಒಂದಿದೆ. ಪ್ಲೇಟು ಸವೆದಂತೆ ಕ್ಲಚ್ ಎಲ್ಲಿ ಹಿಡಿಯುತ್ತೆ ಅನ್ನೋದು ಬದಲಾಗುತ್ತಾ ಹೋಗುತ್ತೆ, ಕಂಪ್ಯೂಟರ್ ಅದನ್ನು ಕಲಿತುಕೊಳ್ಳುತ್ತಿರುತ್ತೆ. ಕೆಲವೊಮ್ಮೆ ಆ ಕಲಿಕೆ ದಾರಿ ತಪ್ಪುತ್ತೆ. ಸ್ಕ್ಯಾನರಿನಿಂದ ಬೇಸಿಕ್ ಸೆಟ್ಟಿಂಗ್ ಮಾಡಿಸಿದರೆ ಮತ್ತೆ ಮೊದಲಿನಿಂದ ಕಲಿಯುತ್ತೆ. ದುಬಾರಿ ರಿಪೇರಿಗೆ ಮುಂಚೆ ಇದನ್ನೂ, ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದೆಯಾ ಅನ್ನೋದನ್ನೂ ಕೇಳಿ. ಆದರೆ ಮಾಡಿಸಿದ ಎರಡು ವಾರಕ್ಕೇ ನಡುಕ ಮತ್ತೆ ಬಂದರೆ ತೊಂದರೆ ಲೋಹದಲ್ಲಿದೆ, ಲೆಕ್ಕದಲ್ಲಿಲ್ಲ. ಮತ್ತೆ ಮತ್ತೆ ರಿಸೆಟ್ ಮಾಡಿಸುತ್ತಾ ದಿನ ತಳ್ಳಬೇಡಿ.

ಸಿಲ್ಕ್ ಬೋರ್ಡ್ ಜಾಮಿನಲ್ಲೋ, ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆಯೋ ಗೇರ್ ಗುರುತು ಮಿನುಗಿ ಕ್ಲಚ್ ಬಿಸಿಯಾಗಿದೆ ಅಂತ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಪಿ ಹಾಕಿ, ಇಂಜಿನ್ ಓಡುತ್ತಿರಲಿ, ಹತ್ತು ಹದಿನೈದು ನಿಮಿಷ ಬಿಡಿ. ಆ ದಿನದ ಜರ್ಕನ್ನು ನೋಟ್‌ಬುಕ್ಕಿಗೆ ಬೇರೆಯಾಗಿ ಬರೆಯಿರಿ, ಹೀಗೆ ಎಚ್ಚರಿಕೆ ಬರುವಷ್ಟು ಮಿತಿಮೀರಿ ಬಿಸಿಯಾದ ಕ್ಲಚ್ಚಿನ ನಡವಳಿಕೆ ನೋಡಿ ತೀರ್ಮಾನ ಮಾಡಬಾರದು. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಲರೇಟರಿನಲ್ಲೇ ಕಾರು ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಯುವ ಬದಲು ಒಂದು ಕಾರಿನಷ್ಟು ಜಾಗ ಆಗುವವರೆಗೆ ಕಾದು ಒಂದೇ ಸಲ ಹೋಗಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಅರ್ಧ ಗೇರುಗಳೇ ಹೋಗಿ, ಬರೀ ಬೆಸ ಅಥವಾ ಬರೀ ಸಮ ಗೇರಿನಲ್ಲಿ ಕಾರು ಓಡುತ್ತಿದ್ದರೆ ಮಾತ್ರ ಪರೀಕ್ಷೆ ಸಾಕು. ಹೈವೇಗೆ ಒಯ್ಯಬೇಡಿ, ಟೋ ಮಾಡಿಸಿ.

ಗ್ಯಾರೇಜಿಗೆ ಹೋದಾಗ ಜರ್ಕ್ ಇದೆ ಅಂತಷ್ಟೇ ಹೇಳಬೇಡಿ. "ಬಿಸಿಯಾದ ಮೇಲೆ, ಎರಡನೇ ಗೇರಿನಲ್ಲಿ ಮತ್ತು ರಿವರ್ಸಿನಲ್ಲಿ ನಡುಕ ಇದೆ, ಬ್ಯಾಟರಿ 12.6 ಇದೆ, ಮೌಂಟಿಂಗ್ ನೋಡಿಸಿದ್ದೀನಿ" ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಟೆಸ್ಟ್ ಡ್ರೈವಿಗೆ ನೀವೂ ಜೊತೆಗೆ ಹೋಗಿ, ಜರ್ಕ್ ಬಂದ ಕ್ಷಣವನ್ನು ತೋರಿಸಿ. ಮೆಕಾಟ್ರಾನಿಕ್ ಅಂದರೆ ಯಾವ ಕೋಡ್, ಒತ್ತಡ ಎಷ್ಟು ತೋರಿಸಿತು ಅಂತ ಕೇಳಿ. ಕ್ಲಚ್ ಅಂದರೆ ಹಳೆಯ ಪ್ಲೇಟು ಕೈಗೆ ಕೊಡಿ ಅಂತ ಮುಂಚೆಯೇ ಹೇಳಿಡಿ. ಹೊಸ ಕ್ಲಚ್ ಹಾಕಿದ ಮೇಲೆ ಬೇಸಿಕ್ ಸೆಟ್ಟಿಂಗ್ ಮತ್ತು ಕಂಪ್ಯೂಟರ್ ಹೊಸ ಕ್ಲಚ್ಚನ್ನು ಕಲಿಯಲೆಂದು ಓಡಿಸುವ ಅಡಾಪ್ಟೇಷನ್ ಡ್ರೈವ್ ಎರಡೂ ಆಗಲೇಬೇಕು, ಬಿಲ್ಲಿನಲ್ಲಿ ಅದು ಇದೆಯಾ ನೋಡಿ. ಹಣ ಕಟ್ಟುವ ಮುಂಚೆ ಬ್ರೇಕ್ ಬಿಟ್ಟು ತೆವಳಿಸುವ ಪರೀಕ್ಷೆಯನ್ನೂ ರಿವರ್ಸಿನದನ್ನೂ ಅವರ ಅಂಗಳದಲ್ಲೇ ಒಮ್ಮೆ ಮಾಡಿಬಿಡಿ.